ದಾಂಡೇಲಿಯ ಕಾಡಿನಲ್ಲಿ ಕಾಣುವುದೂ ಕಾಣದಿರುವುದೂ

ಮೈಸೂರಿನ ನನ್ನ ಮಿತ್ರರೊಬ್ಬರು ಮಾಗಿಯ ರಜೆಯಲ್ಲಿ ಸಕುಟುಂಬರಾಗಿ ದಾಂಡೇಲಿಗೆ ಹೋಗಿ ಎರಡು ದಿನವಿದ್ದು ಹಿಂದಿರುಗಿದರು. ಕಾಡು ಹೇಗಿತ್ತೆಂದು ಕೇಳಿದೆ. “ಕಾಡೇನೋ ಚೆನ್ನಾಗಿತ್ತು, ಆದರೆ ಅದರಲ್ಲಿ ಏನೂ ಇರಲಿಲ್ಲ” ಎಂದರು. ಬಂಡೀಪುರದಲ್ಲಿ ಗಾಡಿಯಿಂದಿಳಿಯದೆಯೇ ಜಿಂಕೆಯ ಹಿಂಡುಗಳನ್ನೂ ಆನೆಗಳನ್ನೂ ಕಂಡಿದ್ದ ಅವರ ಮಕ್ಕಳಿಗೆ ಇಲ್ಲಿ ಕಂಡದ್ದು ಮರಗಳು ಮಾತ್ರ. ಹೀಗೆ ಹೇಳುವವರು ಅವರೊಬ್ಬರೇ ಅಲ್ಲ. ಆದುದರಿಂದ, ಉತ್ತರ ಕನ್ನಡ ಜಿಲ್ಲೆಯ ಈ ಕಾಡಿನಲ್ಲಿ ಇರತಕ್ಕುದೇನು, ಇದ್ದದ್ದು ಕಣ್ಣಿಗೆ ಬೀಳದಿರುವುದೇಕೆ, ನೋಡಬೇಕೆನ್ನುವವರು ಹೇಗೆ ನೋಡಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಕೇಳುಗರ ಮುಂದಿಡುತ್ತೇನೆ.

ಮೊದಲು ಸ್ಥಳದ ಪರಿಚಯ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಇವು ನಾಲ್ಕೂ ಸಹ್ಯಾದ್ರಿಗೂ ಧಾರವಾಡದ ಬಯಲಿಗೂ ನಡುವೆ ಇರುವ ಸೀಮೆ. 1956ರಲ್ಲಿ ಈ ಜಿಲ್ಲೆಯು ಬೊಂಬಾಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ದಾಂಡೇಲಿಯ ವನ್ಯಜೀವಿಧಾಮ ಏರ್ಪಟ್ಟುದೂ ಅದೇ ವರ್ಷ. ಜೋಯಿಡಾ ತಾಲ್ಲೂಕಿನ ಅಣಶಿಯ ಸುತ್ತಣ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡನ್ನೂ ಕೂಡಿಸಿ ಹುಲಿಗಳ ರಕ್ಷಿತಾರಣ್ಯವೆಂದು ಸಾರಿದರು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರಾಯಿತು. ಆ ಹೆಸರು ಕಾಳಿ ನದಿಯದು. ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಕಡಲನ್ನು ಸೇರುವ ಈ ನದಿಗೆ ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟನ್ನು ಕಟ್ಟಿದ್ದಾರೆ. ತಾಲ್ಲೂಕಿಗೆ ಹಿಂದೆ ಹೆಸರು ಕೊಟ್ಟಿದ್ದ ಸೂಪಾ ಎಂಬ ಊರು ಆ ನೀರಿನ ಅಡಿಯಲ್ಲಿದೆ. ಕಚೇರಿ ಕಟ್ಟಳೆಗಳೆಲ್ಲ ಜೋಯಿಡಾಕ್ಕೆ ಬಂದವು.

ಈಗ ಮಿತ್ರರ ದೂರಿಗೆ ಬರೋಣ. ಬಂಡೀಪುರ ಒಣ ಸೀಮೆಯ ಕಾಡು. ಅಲ್ಲಿ ಮರಗಳ ನಡುವೆ ಹುಲ್ಲು ಬೆಳೆಯುತ್ತದೆ, ಹುಲ್ಲಿರುವೆಡೆ ಹಿಂಡು ಸೇರುತ್ತದೆ, ದೃಷ್ಟಿಗೂ ತಡೆಯಿಲ್ಲ. ಅಣಶಿಯ ಕಡೆಯಲ್ಲಾದರೋ ಮುಂಗಾರು ನೇರವಾಗಿ ಬಂದು ಬಡಿಯುತ್ತದೆ. ಮರಗಳು ಒಂದರ ತಲೆಯನ್ನೊಂದು ಮುಟ್ಟುವಂತೆ ಬೆಳೆದು, ನೆಲಕ್ಕೆ ಬಿಸಿಲು ಬೀಳುವುದೇ ಅಪರೂಪ. ಬಿಸಿಲಿಲ್ಲದೆಡೆ ಹುಲ್ಲಿಲ್ಲ, ಹುಲ್ಲಿಲ್ಲದೆಡೆ ದೊಡ್ಡ ಹಿಂಡಿಲ್ಲ. ಎಲೆ, ಹೂ, ಹಣ್ಣು ಎಲ್ಲವೂ ಇರುವುದು ಅಟ್ಟದ ಮೇಲೆ. ಆದ್ದರಿಂದ ಉಣ್ಣುವವರೂ ಅಲ್ಲಿಯೇ. ಮೂಗಿನಿಂದ ಬಾಲದ ತುದಿಯವರೆಗೆ ಹೆಚ್ಚು ಕಡಿಮೆ ಒಂದು ಗಜದಷ್ಟು ಉದ್ದವಿರುವ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುವುದು ಅಲ್ಲಿ. ಪಕ್ಕೆಯ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಒಂದು ಕಾಂಡದಿಂದ ಇನ್ನೊಂದಕ್ಕೆ ತೇಲುವ ಹಾರುವ ಓತಿಯೂ ಅಲ್ಲಿಯೇ. ಗಾಡಿಯಲ್ಲಿ ಕುಳಿತು ನೆಲವನ್ನೇ ನೋಡಿದವರಿಗೆ ಇವು ಕಾಣದಿದ್ದರೆ ತಪ್ಪು ಕಾಡಿನದಲ್ಲ.

ಹಾಗೆಂದು ನೆಲ ಬರಿದಾಗಿಲ್ಲ. ಪೂರ್ವಕ್ಕೆ, ದಾಂಡೇಲಿ ಹಳಿಯಾಳಗಳ ಕಡೆಗೆ ಬಂದಂತೆ ಮಳೆ ಇಳಿಯುತ್ತದೆ. ತೇಗ, ಮತ್ತಿ, ಹೊನ್ನೆ, ನಂದಿ, ಬಿದಿರು ಮೊದಲಾದವುಗಳ ಎಲೆಯುದುರುವ ಕಾಡು ತೊಡಗುತ್ತದೆ. ಕಾಡುಕೋಣ, ಕಡವೆ, ಜಿಂಕೆ, ಕಾಡುಹಂದಿ, ಅವುಗಳ ಬೆನ್ನುಹತ್ತುವ ಸೀಳುನಾಯಿ, ಕರಡಿ ಇವೆಲ್ಲ ಇಲ್ಲಿ ಉಂಟು. ಹುಲಿಯೂ ಉಂಟು. ಆದರೆ ಬೇಟೆ ಚೆದರಿಹೋಗಿರುವ ಕಾಡಿನಲ್ಲಿ ಒಂದೊಂದು ಹುಲಿಗೂ ಬಹು ವಿಸ್ತಾರವಾದ ನೆಲ ಬೇಕು. ಎರಡು ದಿನದ ಅತಿಥಿಗೆ ಅದು ಎದುರಾಗುವುದು ಲಾಟರಿಯ ಬಹುಮಾನದಂತೆ. ಇಲ್ಲಿ ಹುಲಿಗಳ ಲೆಕ್ಕವನ್ನು ಇಡುವವರೂ ಕಣ್ಣಿನಿಂದ ಎಣಿಸುವುದಿಲ್ಲ. ದಾರಿಬದಿಯ ಮರಗಳಿಗೆ ತಾವಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿ, ಒಂದರ ಪಟ್ಟೆ ಇನ್ನೊಂದಕ್ಕಿಲ್ಲವಾದ್ದರಿಂದ ಪಟ್ಟೆಗಳಿಂದಲೇ ಗುರುತು ಹಿಡಿಯುತ್ತಾರೆ.

ದಾಂಡೇಲಿಯ ಕೀರ್ತಿಗೆ ಕಾರಣವಾದ ಕರಿಚಿರತೆಯ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ಒಂದು ತಪ್ಪು ತಿಳಿವಳಿಕೆಯುಂಟು. ಅದು ಬೇರೊಂದು ಜಾತಿಯ ಮೃಗವಲ್ಲ. ನಮ್ಮ ಚುಕ್ಕೆಯ ಚಿರತೆಯೇ. ಮೈಬಣ್ಣದ ಒಂದು ಆನುವಂಶಿಕ ಗುಣ ತಾಯಿತಂದೆಗಳಿಬ್ಬರಲ್ಲಿಯೂ ಅಡಗಿದ್ದರೆ, ಹಳದಿ ಬಣ್ಣದ ದಂಪತಿಗಳಿಗೂ ಕಪ್ಪು ಮರಿ ಹುಟ್ಟಬಹುದು. ಬಿಸಿಲು ಓರೆಯಾಗಿ ಬಿದ್ದಾಗ ಆ ಕಪ್ಪಿನೊಳಗೂ ಚುಕ್ಕೆಗಳು ರೇಷ್ಮೆಯ ಮೇಲಣ ನೆಯ್ಗೆಯಂತೆ ತೋರುತ್ತವೆ. ತೇವವುಳ್ಳ ದಟ್ಟ ಕಾಡುಗಳಲ್ಲಿಯೇ ಇವು ಹೆಚ್ಚು. ನೆರಳಿನಲ್ಲಿ ಕರಿಯ ಮೈ ಮರೆಯಾಗುವುದು ಸುಲಭವೆಂಬುದು ಇದಕ್ಕೆ ಒಂದು ಕಾರಣವಿರಬಹುದು. ಇದರಿಂದ ನೋಡಬಂದವರಿಗೆ ತೊಂದರೆಯೇ ಹೊರತು ಅನುಕೂಲವಿಲ್ಲ.

ನನ್ನನ್ನು ಕೇಳಿದರೆ, ದಾಂಡೇಲಿಗೆ ಹೋಗತಕ್ಕುದು ಮಂಗಟ್ಟೆ ಹಕ್ಕಿಗಾಗಿ. ದೊಡ್ಡ ಮಂಗಟ್ಟೆ, ಕಪ್ಪುಬಿಳಿಯ ಮಂಗಟ್ಟೆ, ಬೂದುಬಣ್ಣದವು ಎರಡು ಬಗೆ, ಹೀಗೆ ನಾಲ್ಕು ಜಾತಿಗಳು ಈ ಒಂದೇ ಸೀಮೆಯಲ್ಲಿವೆ. ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾರಿಹೋದರೆ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ ದೂರಕ್ಕೆ ಕೇಳುತ್ತದೆ. ಇವುಗಳ ಸಂಸಾರ ವಿಚಿತ್ರವಾದುದು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆಯಿಂದಲೂ ಹಣ್ಣಿನ ತಿರುಳಿನಿಂದಲೂ ಮೆತ್ತಿ, ಕೊಕ್ಕಿನ ತುದಿ ಹೊರಬರುವಷ್ಟು ಸೀಳನ್ನು ಮಾತ್ರ ಉಳಿಸುತ್ತದೆ. ಒಳಗೆ ರೆಕ್ಕೆಯ ಗರಿಗಳನ್ನು ಉದುರಿಸಿಕೊಂಡು ತಿಂಗಳುಗಟ್ಟಲೆ ಸೆರೆಯಲ್ಲಿರುತ್ತದೆ. ಆ ಕಾಲದಲ್ಲೆಲ್ಲ ಗಂಡು ಆಲ, ಅತ್ತಿ, ಬಸರಿಗಳ ಹಣ್ಣನ್ನು ಗಂಟಲಿನಲ್ಲಿ ತುಂಬಿ ತಂದು, ಒಂದೊಂದಾಗಿ ಮೇಲಕ್ಕೆ ತಂದುಕೊಂಡು, ಆ ಸೀಳಿನಿಂದ ಹೆಂಡತಿಗೂ ಮರಿಗಳಿಗೂ ನೀಡುತ್ತದೆ. ಹೊರಗಿನ ಗಂಡಿಗೆ ಒಂದು ಕಲ್ಲೇಟು ತಗುಲಿದರೆ ಒಳಗಿನ ಸಂಸಾರದ ಪಾಡೇನೆಂದು ಬೇರೆ ಹೇಳಬೇಕಾಗಿಲ್ಲ.

ಮರಕುಟಿಗನಂತೆ ತನ್ನ ಮನೆಯನ್ನು ತಾನೇ ಕೊರೆದುಕೊಳ್ಳುವ ಶಕ್ತಿ ಮಂಗಟ್ಟೆಗಿಲ್ಲ. ಮುದಿಯಾಗಿ ಟೊಳ್ಳುಬಿದ್ದ ಹೆಮ್ಮರವೇ ಬೇಕು. ದಿಮ್ಮಿಯ ವ್ಯಾಪಾರಿಯ ಲೆಕ್ಕದಲ್ಲಿ ಅಂತಹ ಮರಕ್ಕೆ ಕಾಸಿನ ಬೆಲೆಯಿಲ್ಲ. ಹಕ್ಕಿಯ ಲೆಕ್ಕದಲ್ಲಿ ಬೇರೆ ಮರಗಳಿಗೆ ಬೆಲೆಯಿಲ್ಲ. ದಾಂಡೇಲಿ ಬೆಳೆದದ್ದು ದಿಮ್ಮಿಯಿಂದ, ಆಮೇಲೆ ಕಾಗದದ ಕಾರ್ಖಾನೆಯಿಂದ ಎಂಬುದು ಎಲ್ಲರೂ ಬಲ್ಲ ವಿಷಯ. ಆದರೂ ಕಪ್ಪುಬಿಳಿಯ ಮಂಗಟ್ಟೆಗಳನ್ನು ಸುಲಭವಾಗಿ ನೋಡಬಹುದಾದ ಸ್ಥಳ ಯಾವುದೆಂದು ಊರಿನವರನ್ನು ಕೇಳಿದರೆ, ಅವರು ಸರ್ಕಾರಿ ಮರದ ಡಿಪೋವನ್ನೇ ತೋರಿಸುತ್ತಾರೆ. ಕೆಳಗೆ ಅಂಕಿಹಾಕಿ ಜೋಡಿಸಿದ ದಿಮ್ಮಿಗಳ ರಾಶಿ, ಮೇಲೆ ನಿಂತ ಮರಗಳಲ್ಲಿ ಹಕ್ಕಿಗಳ ಗದ್ದಲ! 2018ರಿಂದ ಊರಿನಲ್ಲಿ ಮಂಗಟ್ಟೆಯ ಹೆಸರಿನ ಹಬ್ಬವೂ ನಡೆದಿದೆ.

ನೋಡುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಮಳೆಗಾಲ ಕಳೆದ ಮೇಲೆ ಹೋಗತಕ್ಕುದು. ಫಣಸೋಲಿಯಲ್ಲಿ ಅರಣ್ಯ ಇಲಾಖೆಯವರ ಜೀಪು ಸಿಕ್ಕುತ್ತದೆ, ಕುಳಗಿಯಲ್ಲಿ ತಂಗುವುದಕ್ಕೆ ಶಿಬಿರವಿದೆ. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ, ಇಷ್ಟೇ ಕಾಡಿನ ಕಚೇರಿಯ ಸಮಯ. ನಡುಹಗಲಿನಲ್ಲಿ ಮೃಗಗಳೂ ನಮ್ಮಂತೆಯೇ ನೆರಳು ಹುಡುಕುತ್ತವೆ. ಬಿಳಿಯ ಬಟ್ಟೆಯೂ ಅತ್ತರೂ ಬೇಡ. ಮಾತಂತೂ ಬೇಡವೇ ಬೇಡ. ನಾನೊಮ್ಮೆ ಹದಿನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಸಸ್ಯಗಳ ಲ್ಯಾಟಿನ್ ಹೆಸರುಗಳನ್ನು ಹೇಳುತ್ತಲೇ ನಡೆದೆ. ಮೂರು ಗಂಟೆಗಳಲ್ಲಿ ನಾವು ಕಂಡದ್ದು ಒಂದು ಮಂಗ. ಚಳಿಗಾಲದ ಬೆಳಗಿನಲ್ಲಿ ದಾಂಡೇಲಿಯ ಬಳಿ ಕಾಳಿಯ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತಿರುತ್ತವೆ. ರಕ್ತವನ್ನು ತಾವೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅವಕ್ಕಿಲ್ಲದ್ದರಿಂದ ಸೂರ್ಯನನ್ನು ಆಶ್ರಯಿಸಬೇಕು. ದಡದಿಂದಲೇ ನೋಡಿ, ಅಲ್ಲಿ ನೀರಿಗಿಳಿಯುವ ಸಾಹಸ ಬೇಡ. ರಬ್ಬರು ದೋಣಿಯಲ್ಲಿ ಕೂಗುತ್ತ ತೇಲುವ ಆಟವನ್ನು ನೋಡಿಯೇ ಬಂದವರು ಕಾಡಿನಲ್ಲಿ ಏನೂ ಇಲ್ಲವೆಂದರೆ ಅವರನ್ನು ನಾನು ಸಾಕ್ಷಿಗಳೆಂದು ಒಪ್ಪಲಾರೆ.

ಇನ್ನು ಆನೆಯ ವಿಷಯ. ಅತಿಥಿಗಳೆಲ್ಲ ಆನೆಯನ್ನು ಬೇಡುತ್ತಾರೆ. ಅಂತಹ ಒಂದು ಬೆಳಗ್ಗೆ, ಕಾಡಿನಲ್ಲಿ ಆನೆ ಕಾಣದೆ ಹಿಂದಿರುಗುತ್ತ, ಹಳಿಯಾಳದ ದಾರಿಯಲ್ಲಿ ಒಂದು ಗದ್ದೆಯ ಬಳಿ ನಿಂತೆವು. ಕೊಯ್ಲಿಗೆ ಬಂದ ಭತ್ತ ಚಾಪೆ ಹಾಸಿದಂತೆ ನೆಲಕ್ಕೆ ಮಲಗಿತ್ತು. ಬದುವಿನ ಮೇಲೆ ಹರಿವಾಣದಗಲದ ಹೆಜ್ಜೆಗಳು. ಅಟ್ಟಣೆಯಿಂದಿಳಿದು ಬಂದ ಮುದುಕ ರೈತನೊಬ್ಬನನ್ನು, “ರಾತ್ರಿ ಆನೆ ಬಂದಿತ್ತೇನಪ್ಪ?” ಎಂದು ಕೇಳಿದೆ. “ಬಂದಿದ್ವು ಸರ, ಮೂರು” ಎಂದು ಹೇಳಿ, ನಮ್ಮ ಕೊರಳಿನ ದುರ್ಬೀನುಗಳನ್ನು ನೋಡಿ, “ನೀವು ರೊಕ್ಕ ಕೊಟ್ಟು ನೋಡಾಕ ಹೋಗ್ತೀರಿ, ನಾವು ಓಡಸಾಕ ರಾತ್ರಿ ಎಲ್ಲಾ ಡಬ್ಬಿ ಬಡೀತೀವ್ರಿ” ಎಂದನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ನಿದ್ದೆಗೆಟ್ಟ ಬಳಲಿಕೆ.

ಹಳಿಯಾಳ, ಮುಂಡಗೋಡಗಳ ಕಡೆ ಕಾಡು ಒಂದೇ ಸಮನಾಗಿಲ್ಲ. ನಡುನಡುವೆ ಭತ್ತ, ಗೋವಿನಜೋಳ, ಕಬ್ಬು. ಬೆಳೆ ಹಣ್ಣಾಗುವ ಕಾಲಕ್ಕೆ ಆನೆ ಹೊರಬರುತ್ತದೆ. ಕಾಡಿನಲ್ಲಿ ದಿನವೆಲ್ಲ ಅಲೆದು ಗಳಿಸಬೇಕಾದ ಆಹಾರ ಗದ್ದೆಯಲ್ಲಿ ಒಂದು ಗಂಟೆಯಲ್ಲಿ ಸಿಕ್ಕುವಾಗ ಅದು ಬಾರದಿದ್ದರೇ ಆಶ್ಚರ್ಯ. ಈ ಕಡೆಯ ಆನೆಗಳಲ್ಲಿ ಕೆಲವು ಇನ್ನೂ ಉತ್ತರಕ್ಕೆ ನಡೆದು, ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಮಹಾರಾಷ್ಟ್ರದ ಸಿಂಧುದುರ್ಗ, ಕೊಲ್ಹಾಪುರಗಳ ಗಡಿಯವರೆಗೆ ಹೋದವು. ಬೆಳೆಹಾನಿಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಡಿದೆ. ಆದರೆ ಕಾವಲು ಕಾದ ರಾತ್ರಿಗಳಿಗೆ ಪರಿಹಾರವನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಕಾಡಿನ ಅಂಚಿನಲ್ಲಿರುವ ಕುಣಬಿಗಳು, ಗೌಳಿಗಳು, ಸಿದ್ದಿಗಳು ಇವರ ಕಷ್ಟವೂ ಇದೇ ಬಗೆಯದು. ನಾವು ರಕ್ಷಿಸಿದೆವೆಂದು ಹೆಮ್ಮೆಪಡುವ ಮೃಗಗಳ ಊಟದ ಖರ್ಚಿನಲ್ಲಿ ಒಂದು ಪಾಲನ್ನು ತೆರುತ್ತಿರುವವರು ಇವರು. ಆದ್ದರಿಂದ ದಾಂಡೇಲಿಗೆ ಹೋಗುವವರು ಆದಮಟ್ಟಿಗೆ ಈ ಊರುಗಳವರ ಮನೆಯಲ್ಲಿಯೇ ತಂಗಿ, ಇವರ ಹುಡುಗರನ್ನೇ ದಾರಿತೋರಲು ಕರೆದೊಯ್ಯುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಮಂಗಟ್ಟೆಯ ಪೊಟರೆ ಎಲ್ಲಿದೆಯೆಂಬುದೂ ಅವರಿಗೇ ಗೊತ್ತು.

ಮಕ್ಕಳೊಡನೆ ಹೋಗುವವರು ಮುಂಡಗೋಡದಿಂದ ಸುಮಾರು 15 ಕಿಲೋಮೀಟರು ದೂರದ ಅತ್ತಿವೇರಿಯನ್ನು ಬಿಡಬಾರದು. ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ಪಕ್ಷಿಧಾಮ. ನಡುವೆ ನೀರಾವರಿಗಾಗಿ ಕಟ್ಟಿದ ಜಲಾಶಯ. ನಮ್ಮವರಿಗೆ 1940ರಲ್ಲಿ ಏರ್ಪಟ್ಟ ರಂಗನತಿಟ್ಟನ್ನು ನೋಡಿದ ಅಭ್ಯಾಸವಿರುವುದರಿಂದ ಇದು ಅದರ ತಂಗಿಯಂತೆ ತೋರುತ್ತದೆ. ಚಮಚದ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ಮಿಂಚುಳ್ಳಿ ಇವನ್ನು ಯಾರೂ ಹುಡುಕಬೇಕಾಗಿಲ್ಲ. ದಡದಲ್ಲಿ ಕುಳಿತರೆ ಸಾಕು. ನನ್ನ ಮಿತ್ರರಿಗೆ ಮುಂದಿನ ರಜೆಗೆ ಮೊದಲು ಅಲ್ಲಿಗೆ, ಆಮೇಲೆ ಮರದ ಡಿಪೋಗೆ, ಕಾಡಿಗೆ ಕೊನೆಯಲ್ಲಿ ಹೋಗಿರೆಂದು ಹೇಳಿದ್ದೇನೆ. ಹಿರಿಯ ಮಗಳು ಈಗಾಗಲೇ ದುರ್ಬೀನನ್ನು ಎರವಲು ಕೇಳಿಕೊಂಡು ಹೋಗಿದ್ದಾಳೆ.