ಹಿರಿಯರ ಧ್ವನಿಗೆ ತಕ್ಕ ಮೈಕು

ಎಂಟು ವರ್ಷಗಳ ಹಿಂದೆ ನಮ್ಮ ಶಾಲೆಯ ನಿವೃತ್ತ ಅಧ್ಯಾಪಕರೊಬ್ಬರ ಮಾತುಗಳನ್ನು ವಿಡಿಯೋದಲ್ಲಿ ದಾಖಲಿಸುವ ಭಾಗ್ಯ ನನಗೆ ಒದಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿನ್ನೂ ಬಾಲಕರು. ಆ ದಿನಗಳ ನೆನಪನ್ನೂ ಮುಂದೆ ಇಲ್ಲಿ ಕನ್ನಡ ಕಲಿಸಿದ ಅನುಭವವನ್ನೂ ಅವರು ಎರಡು ಗಂಟೆಗಳ ಕಾಲ ಹೇಳಿದರು. ಮನೆಗೆ ಬಂದು ನೋಡಿದರೆ ಚಿತ್ರ ನಿಚ್ಚಳವಾಗಿತ್ತು. ಮಾತು ಮಾತ್ರ ಬಾವಿಯೊಳಗಿನಿಂದ ಬಂದಂತಿತ್ತು. ಇನ್ನೊಮ್ಮೆ ಹೋಗೋಣವೆಂದುಕೊಂಡಿರುವಾಗಲೇ ಅವರು ತೀರಿಕೊಂಡರು. ಅಂದು ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಅಂದು ಕ್ಯಾಮೆರಾದ ಮೇಲೆ ಕೂರಿಸಿದ್ದುದು ಶಾಟ್‌ಗನ್ ಮೈಕು. ಬಂದೂಕಿನ ನಳಿಗೆಯಂತೆ ನೀಳವಾಗಿರುವುದರಿಂದ ಅದಕ್ಕೆ ಆ ಹೆಸರು. ದುರ್ಬೀನು ದೂರದ ನೋಟವನ್ನು ಸಮೀಪಕ್ಕೆ ತರುವಂತೆ ಈ ಮೈಕು ದೂರದ ಮಾತನ್ನು ತರುತ್ತದೆಂದು ನಾನು ನಂಬಿದ್ದೆ. ವಾಸ್ತವವಾಗಿ ಅದು ಏನನ್ನೂ ಸಮೀಪಕ್ಕೆ ತರುವುದಿಲ್ಲ. ಪಕ್ಕದಿಂದ ಬರುವ ಸದ್ದನ್ನು ತಗ್ಗಿಸುತ್ತದೆ, ಅಷ್ಟೆ.

ಇದರ ಬಗೆ ಹೀಗಿದೆ. ನಳಿಗೆಯ ಇಕ್ಕೆಲಗಳಲ್ಲಿ ಸಾಲಾಗಿ ಸೀಳುಗಳಿರುತ್ತವೆ. ಎದುರಿನಿಂದ ಬರುವ ಧ್ವನಿ ಒಟ್ಟಾಗಿ ಒಳಗಿನ ಪೊರೆಯನ್ನು ತಲುಪುತ್ತದೆ. ಪಕ್ಕದ ಧ್ವನಿಯಾದರೋ ಬೇರೆ ಬೇರೆ ಸೀಳುಗಳಿಂದ ಒಳಹೊಕ್ಕು, ಬೇರೆ ಬೇರೆ ದೂರ ಕ್ರಮಿಸಿ, ಹಿಂದುಮುಂದಾಗಿ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆದರೆ ತರಂಗದ ಉದ್ದ ನಳಿಗೆಗಿಂತ ಹೆಚ್ಚಾಗಿದ್ದರೆ ಈ ಉಪಾಯ ಸಾಗದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಆದ್ದರಿಂದ 25 ಸೆಂಟಿಮೀಟರ್ ನಳಿಗೆಯ ಪ್ರಭಾವ ಸುಮಾರು 1,400 ಹರ್ಟ್ಸ್‌ಗಿಂತ ಮೇಲಿನ ಸ್ವರಗಳ ಮೇಲೆಯೇ ಹೆಚ್ಚು. ಗಂಟಲಿನ ಗಡಸು ಧ್ವನಿ ಅದಕ್ಕಿಂತ ಬಹಳ ಕೆಳಗಿನದು.

ಬಯಲಿನಲ್ಲಿ ಈ ಮೈಕು ನಿಜಕ್ಕೂ ಉಪಕಾರಿ. ಅಲ್ಲಿ ಮಾತು ಒಮ್ಮೆ ಹೊರಟರೆ ಗೋಡೆಗೆ ಬಡಿದು ಮರಳುವುದಿಲ್ಲ. ರಸ್ತೆಯ ವಾಹನ, ಕಾಗೆಯ ಕೂಗು ಮುಂತಾದ ಪಕ್ಕದ ಸದ್ದುಗಳು ತಗ್ಗುತ್ತವೆ. ಕೋಣೆಯೊಳಗಿನ ಸ್ಥಿತಿ ಬೇರೆ. ಸಿಮೆಂಟಿನ ಗೋಡೆ, ನುಣುಪಾದ ನೆಲ, ಮೇಲ್ಛಾವಣಿಗಳಿಂದ ಅದೇ ಮಾತು ಪುಟಿದು ಎಲ್ಲ ದಿಕ್ಕುಗಳಿಂದಲೂ ಮೈಕಿಗೆ ಬರುತ್ತದೆ. ನಳಿಗೆ ಅದರ ಮೇಲಿನ ಸ್ವರಗಳನ್ನು ಏರುಪೇರಾಗಿ ಕತ್ತರಿಸಿ, ಕೆಳಗಿನವನ್ನು ಹಾಗೆಯೇ ಬಿಡುತ್ತದೆ. ಬಾವಿಯೊಳಗಿನ ಆ ಟೊಳ್ಳು ಧ್ವನಿ ಹುಟ್ಟುವುದು ಹೀಗೆ.

ಆದುದರಿಂದ ಒಳಾಂಗಣಕ್ಕೆ ನಳಿಗೆಯಿಲ್ಲದ, ಪೆನ್ಸಿಲಿನಾಕಾರದ ಸೂಪರ್‌ಕಾರ್ಡಿಯಾಯ್ಡ್ ಅಥವಾ ಹೈಪರ್‌ಕಾರ್ಡಿಯಾಯ್ಡ್ ಮೈಕು ಲೇಸು. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕೂ ಸಾಕು. ಅದು ಬಾಯಿಯ ಸಮೀಪದಲ್ಲಿರುವುದೇ ಅದರ ಬಲ. ಶಾಟ್‌ಗನ್ ಒಂದೇ ಇದ್ದರೆ ಕ್ಯಾಮೆರಾದಿಂದ ಕಳಚಿ, ಕೋಲಿಗೆ ಕಟ್ಟಿ, ಮಾತನಾಡುವವರ ತಲೆಯ ಮುಂಭಾಗದಲ್ಲಿ ಚೌಕಟ್ಟಿಗೆ ಕಾಣದಷ್ಟು ಎತ್ತರದಿಂದ ಬಾಯಿಯತ್ತ ಹಿಡಿಯಬೇಕು. ಒಂದೂವರೆ-ಎರಡು ಅಡಿಗಿಂತ ದೂರ ಬೇಡ. ಅಂತರ ಇಮ್ಮಡಿಯಾದಂತೆ ನೇರವಾಗಿ ಬರುವ ಮಾತು 6 ಡೆಸಿಬಲ್ ತಗ್ಗುತ್ತದೆ. ಕೋಣೆಯ ಮೊಳಗು ಮಾತ್ರ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಮೊದಲೊಮ್ಮೆ ಚಪ್ಪಾಳೆ ತಟ್ಟಿ ನೋಡಿ. ಮೊಳಗು ಕೇಳಿಸಿದರೆ ಚಾಪೆ ಹಾಸಿ, ಕಂಬಳಿ ತೂಗುಹಾಕಿ. ಇಲ್ಲವೇ ಅವರನ್ನು ಜಗಲಿಗೆ ಕರೆತನ್ನಿ. ಫ್ಯಾನು ಆರಿಸಲು ಮರೆಯಬೇಡಿ.

ಹೊರಗಿನ ಮುಖ್ಯ ಶತ್ರು ಗಾಳಿ. ಮೈಕಿನೊಡನೆ ಬರುವ ಸ್ಪಂಜಿನ ಟೊಪ್ಪಿಗೆ ಮೆಲುಗಾಳಿಗಷ್ಟೇ ಸಾಕು; ಸಮುದ್ರತೀರದ ಗಾಳಿಗೆ ರೋಮದ ಹೊದಿಕೆ ಬೇಕು. ಆಟದ ಬಯಲಿನಲ್ಲಿ ಜನರ ಹಿಂದೆ ನಿಂತು ಭಾಗವತರತ್ತ ಗುರಿಯಿಟ್ಟರೆ ಸಿಗುವುದು ಧ್ವನಿವರ್ಧಕದ ಗದ್ದಲವೇ. ರಂಗಸ್ಥಳದ ಸಮೀಪಕ್ಕೆ ಅನುಮತಿ ಪಡೆದು ಹೋಗಬೇಕು.

ಕೊಳ್ಳುವಾಗ ಜೋಡಣೆಯನ್ನೂ ಗಮನಿಸಿ. ಸೆನ್‌ಹೈಸರ್ ಎಂಕೆಹೆಚ್ 416ರಂತಹ ವೃತ್ತಿಪರ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು ಬೇಕು. ಅದನ್ನು ಒದಗಿಸುವ ಕ್ಯಾಮೆರಾ ಅಥವಾ ಪ್ರತ್ಯೇಕ ರೆಕಾರ್ಡರು ಇರಬೇಕು. ಆ ಶ್ರೇಣಿಯ ಮೈಕುಗಳು ತೇವವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಇದು ಗಣನೀಯ ಗುಣ. ಉಳಿದವನ್ನು ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾಗಿ, ಹೆಡ್‌ಫೋನ್ ಧರಿಸಿ ಮೊದಲ ಎರಡು ನಿಮಿಷವನ್ನು ಅಲ್ಲಿಯೇ ಕೇಳಿ ನೋಡಿ. ಅಂದು ನಾನು ಅಷ್ಟು ಮಾಡಿದ್ದರೆ ಗುರುಗಳ ಕನ್ನಡ ಇಂದು ನಮ್ಮ ಮಕ್ಕಳ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು. ನಮ್ಮ ಶಾಲೆಯ ಮೊದಲ ದಿನಗಳನ್ನು ಕಂಡವರು ಕೆಲವರಾದರೂ ಇನ್ನೂ ನಮ್ಮೊಡನಿದ್ದಾರೆ. ಈ ಸುವರ್ಣ ಮಹೋತ್ಸವದ ವರ್ಷದಲ್ಲಿಯೇ ಹಳೆವಿದ್ಯಾರ್ಥಿಗಳು ಅವರ ಮನೆಗಳಿಗೆ ಹೋಗಲಿ. ಮೈಕನ್ನು ಹತ್ತಿರವೇ ಹಿಡಿಯಲಿ.