ತಾಳಮದ್ದಳೆಗೆ ಸ್ಕ್ರೀನ್ ಯಾಕೆ?

ಆಟಿಯ ಮಳೆ ಜಡಿದು ಹಿಡಿದರೆ ನಮ್ಮಲ್ಲಿ ಮೊದಲು ಹೋಗುವುದು ಕರೆಂಟ್. ಎಲ್ಲೋ ಒಂದು ಮರದ ಗೆಲ್ಲು ತಂತಿಯ ಮೇಲೆ ಬಿದ್ದಿರುತ್ತದೆ, ಲೈನ್‌ಮ್ಯಾನ್‌ಗಳು ತೋಟ ಗುಡ್ಡೆ ಹತ್ತಿಳಿದು ಅದನ್ನು ಹುಡುಕುತ್ತಿರುತ್ತಾರೆ. ಎರಡನೆಯದಾಗಿ ಹೋಗುವುದು ರೇಂಜ್. ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಅದಕ್ಕೆ ಆಯುಸ್ಸು. ಮೂರನೆಯದು ಕೈಯಲ್ಲಿರುವ ಮೊಬೈಲಿನ ಚಾರ್ಜ್. ಪುತ್ತೂರು ಪೇಟೆಯವರಿಗೆ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ಸುಳ್ಯದಿಂದ ಮೇಲೆ, ಕಡಬದಿಂದ ಒಳಗೆ ಹೋದಷ್ಟೂ ಮೂರೂ ಒಟ್ಟಿಗೇ ಕೈಕೊಡುತ್ತವೆ.

ಕಳೆದ ಮಳೆಗಾಲದಲ್ಲಿ ಗುತ್ತಿಗಾರು ಕಡೆಯ ನನ್ನ ಭಾವ ಮೊಬೈಲ್ ಹಿಡಿದು ಪುತ್ತೂರಿಗೆ ಬಂದಿದ್ದರು. ಬೆಳಗ್ಗೆ ನೂರು ಇದ್ದ ಚಾರ್ಜ್ ಮಧ್ಯಾಹ್ನದ ಊಟಕ್ಕೆ ಖಾಲಿ, ಬ್ಯಾಟರಿ ಬದಲಿಸಬೇಕು ಎಂಬುದು ಅವರ ತೀರ್ಮಾನ. ಅಂಗಡಿಯ ಹುಡುಗ ಸೆಟ್ಟಿಂಗ್ಸ್ ತೆರೆದು ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ನೋಡಿದ. ಯೂಟ್ಯೂಬ್ ಎಲ್ಲರಿಗಿಂತ ಮೇಲೆ ಕೂತಿತ್ತು.

“ಎಂತ ನೋಡುದು ಅಣ್ಣ ಇಷ್ಟು?”

“ತಾಳಮದ್ದಳೆ.”

“ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು?”

ಭಾವನಿಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಕಳೆಯಲಿಕ್ಕೆ ಈ ಸೀಮೆ ಕಂಡುಕೊಂಡ ದಾರಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಕುಳಿತು ವಾದಿಸುವ ಅರ್ಥಧಾರಿಗಳು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆ ಕ್ಯಾಸೆಟ್ಟಿನಲ್ಲಿ ಮನೆಮನೆ ತಲುಪಿದಾಗ ಯಾರೂ ಟೇಪ್‌ರೆಕಾರ್ಡರಿನ ಮುಖ ನೋಡುತ್ತ ಕೂತಿರಲಿಲ್ಲ. ಅಡಿಕೆ ಸುಲಿಯುತ್ತ ಕೇಳಿದರು, ಹಲಸಿನ ಹಪ್ಪಳ ಕಾಯಿಸುತ್ತ ಕೇಳಿದರು. ಈಗ ಅದೇ ಮಾತು ಕೇಳಲಿಕ್ಕೆ ಆರಂಗುಲದ ದೀಪವೊಂದನ್ನು ಮೂರು ಗಂಟೆ ಉರಿಸುತ್ತೇವೆ.

ಆ ದೀಪದ ಖರ್ಚು ಎಷ್ಟೆಂಬುದಕ್ಕೆ ತಯಾರಕರೇ ಕೊಟ್ಟ ಲೆಕ್ಕ ಇದೆ. ಐಫೋನ್ 15ರ ಬಗ್ಗೆ ಆ್ಯಪಲ್ ಕಂಪನಿ ಹೇಳಿಕೊಂಡದ್ದು ಹೀಗೆ: ಇಂಟರ್‌ನೆಟ್‌ನಿಂದ ನೇರ ವಿಡಿಯೋ ನೋಡಿದರೆ 16 ಗಂಟೆವರೆಗೆ, ಫೋನಿಗೆ ಇಳಿಸಿಕೊಂಡ ವಿಡಿಯೋ ನೋಡಿದರೆ 20 ಗಂಟೆವರೆಗೆ, ಬರೀ ಧ್ವನಿ ಕೇಳಿದರೆ 80 ಗಂಟೆವರೆಗೆ. ಒಳ್ಳೆಯ ರೇಂಜ್ ಇರುವಲ್ಲಿ ಅಳೆದ ಮಾತಿದು, ನಮ್ಮ ಗುಡ್ಡೆಯ ಬುಡದಲ್ಲಿ ಅಷ್ಟು ಸಿಗದು. ಆದರೆ ನೋಡುವುದಕ್ಕೂ ಕೇಳುವುದಕ್ಕೂ ಐದು ಪಟ್ಟು ಅಂತರ ಇರುವುದನ್ನು ಗಮನಿಸಿ. ಸಾಮಾನ್ಯ ಆಂಡ್ರಾಯ್ಡ್ ಮೊಬೈಲಿನ 5000 ಎಂಎಎಚ್ ಬ್ಯಾಟರಿಯಲ್ಲಿರುವುದು ಸುಮಾರು 19 ವಾಟ್-ಅವರ್ ಶಕ್ತಿ. 9 ವಾಟಿನ ಎಲ್ಇಡಿ ಬಲ್ಬ್ ಎರಡು ಗಂಟೆ ಉರಿದರೆ ಅಷ್ಟು ಮುಗಿಯಿತು. ಅದರಲ್ಲೇ ದಿನ ದೂಡಬೇಕು.

ತೊಡಕು ಏನೆಂದರೆ, ಚಂದಾ ಕಟ್ಟದವರಿಗೆ ಯೂಟ್ಯೂಬ್ ಸ್ಕ್ರೀನ್ ಆರಿದ ಕೂಡಲೇ ಮಾತು ನಿಲ್ಲಿಸುತ್ತದೆ. ಕೇಳುವ ವಸ್ತುವನ್ನು ಕೇಳುವ ಆ್ಯಪಿನಲ್ಲೇ ಹಾಕುವುದು ಇದಕ್ಕೆ ಮದ್ದು. ಸಂಗೀತದ ಆ್ಯಪುಗಳು, ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್, ಮೆಮೊರಿ ಕಾರ್ಡಿನಲ್ಲಿರುವ ಎಂಪಿ3 ಎಲ್ಲವೂ ಸ್ಕ್ರೀನ್ ಆರಿಸಿ ಕಿಸೆಗೆ ಹಾಕಿದರೂ ಹಾಡುತ್ತಿರುತ್ತವೆ. ವಿಡಿಯೋವನ್ನೇ ಹಾಕಬೇಕೆಂದಿದ್ದರೆ ಬೆಳಕು ತಗ್ಗಿಸಿ, ಗುಣಮಟ್ಟವನ್ನು 480ಕ್ಕೆ ಇಳಿಸಿ. ಅಂಗೈಯಗಲದ ಪರದೆಯಲ್ಲಿ ಕಿರೀಟದ ಮಣಿ ಎಣಿಸಬೇಕಾದವರು ಯಾರು? ಹಳೆಯ ಮೊಬೈಲುಗಳಿಗೆ ಇನ್ನೊಂದು ತಾಪತ್ರಯವಿದೆ. ಎವಿ1 ಎಂಬ ಹೊಸ ಬಗೆಯ ವಿಡಿಯೋ ಡೇಟಾ ಉಳಿಸುತ್ತದೆ, ಆದರೆ ಅದನ್ನು ಬಿಡಿಸುವ ಪ್ರತ್ಯೇಕ ಭಾಗ ಇಲ್ಲದ ಫೋನಿನಲ್ಲಿ ಮುಖ್ಯ ಪ್ರೊಸೆಸರೇ ಬೆವರಬೇಕಾಗುತ್ತದೆ. ಬೆನ್ನು ಬಿಸಿಯಾಗುತ್ತದೆ, ಚಾರ್ಜ್ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ಬೆಂಗಳೂರಿನವರಿಗೂ ನಮಗೂ ವ್ಯತ್ಯಾಸವಿರುತ್ತಿರಲಿಲ್ಲ. ನಮ್ಮ ನಿಜವಾದ ಕಳ್ಳ ರೇಂಜ್.

ಮೊಬೈಲ್ ಟವರಿನಿಂದ ಕೇಳಿಸಿಕೊಂಡರೆ ಸಾಲದು, ತಿರುಗಿ ಮಾತಾಡಬೇಕು. ಟವರ್ ಹತ್ತಿರವಿದ್ದರೆ ಪಿಸುಮಾತು ಸಾಕು, ಗುಡ್ಡೆಯಾಚೆ ಇದ್ದರೆ ಕೂಗಬೇಕು. 4ಜಿ ಫೋನ್ ಹೆಚ್ಚೆಂದರೆ 200 ಮಿಲಿವಾಟ್‌ವರೆಗೆ ಕೂಗಬಲ್ಲದು, ರೇಂಜ್ ಕಡಿಮೆಯಾದಷ್ಟೂ ಆ ಮಿತಿಯ ಹತ್ತಿರ ಹೋಗುತ್ತದೆ. ಜತೆಗೆ ವಿಡಿಯೋ ನಿಧಾನಕ್ಕೆ ಇಳಿಯುವುದರಿಂದ ರೇಡಿಯೋ ಭಾಗಕ್ಕೆ ಮಲಗಲು ಪುರುಸೊತ್ತಿಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸಿನ ‘ಸಿಮ್ ಸ್ಟೇಟಸ್’ನಲ್ಲಿ ಡಿಬಿಎಂ ಎಂಬ ಅಂಕಿ ಸಿಗುತ್ತದೆ. ಪೇಟೆಯಲ್ಲಿ ಮೈನಸ್ 85 ತೋರಿಸಿದ್ದು ಮನೆಯ ಜಗಲಿಯಲ್ಲಿ ಮೈನಸ್ 115 ತೋರಿಸಿದರೆ, ನಿಮಗೆ ತಲುಪುತ್ತಿರುವುದು ಪೇಟೆಯ ಸಾವಿರದಲ್ಲೊಂದು ಪಾಲು. ಮನೆಯ ಸುತ್ತ ಒಮ್ಮೆ ನಡೆದು ಅಂಕಿ ನೋಡಿ, ಅಡಿಗೆಮನೆಗೂ ಚಾವಡಿಗೂ ಎಷ್ಟು ಫರಕು ಎಂದು ಗೊತ್ತಾಗುತ್ತದೆ.

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದ ಒಂದು ಚಿತ್ರ ದೇಶವೆಲ್ಲ ಸುತ್ತಿತು. ಮಗಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ನೋಡಿದವರಿಗೆ ಅಪ್ಪನ ಅಕ್ಕರೆ ಕಂಡಿತು. ಈ ಸೀಮೆಯವರಿಗೆ ಜತೆಗೆ ಕಂಡದ್ದು ಮನೆಯೊಳಗೆ ರೇಂಜ್ ಇಲ್ಲದ ಸಂಗತಿ. ಅಂಥ ಕಡೆ ಸೆಟ್ಟಿಂಗ್ಸ್ ಬದಲಿಸಿ ಎಂದು ಉಪದೇಶ ಮಾಡುವುದು ನಾಚಿಕೆಗೇಡು. ಅಲ್ಲಿ ಬೇಕಾದದ್ದು ಟವರ್, ಮತ್ತು ಕರೆಂಟ್ ಹೋದಾಗಲೂ ಎದ್ದು ನಿಲ್ಲುವ ಟವರ್.

ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ಎರಡನೇ ಸಿಮ್. ಇಲ್ಲಿ ಹೆಚ್ಚಿನವರ ಹತ್ತಿರ ಎರಡಿರುತ್ತವೆ, ಒಂದು ಮನೆಗೆ, ಒಂದು ಪೇಟೆಗೆ. ಮನೆಯಲ್ಲಿ ರೇಂಜೇ ಇಲ್ಲದ ಪೇಟೆಯ ಸಿಮ್ ಇಡೀ ದಿನ ಟವರ್ ಹುಡುಕುತ್ತ ಚಾರ್ಜ್ ಕುಡಿಯುತ್ತದೆ. ಭಾವನ ಮೊಬೈಲಿನಲ್ಲಿ ಆಗುತ್ತಿದ್ದುದು ಇದೇ. ಸಿಮ್ ತೆಗೆಯಬೇಕಾಗಿಲ್ಲ, ಸೆಟ್ಟಿಂಗ್ಸಿನಲ್ಲಿ ಅದೊಂದನ್ನು ಬಂದ್ ಮಾಡಿದರಾಯಿತು. 5ಜಿ ಒಮ್ಮೆ ಬಂದು ಒಮ್ಮೆ ಹೋಗುವ ಜಾಗವಾದರೆ 4ಜಿಯಲ್ಲೇ ನಿಲ್ಲಿಸಿ. ಮನೆಗೆ ಫೈಬರ್ ಸಂಪರ್ಕವಿದ್ದವರು ಇನ್ನೂ ಅದೃಷ್ಟವಂತರು: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ತೆರೆದಿಟ್ಟರೆ, ವೈಫೈ ಕಾಲಿಂಗ್ ಇರುವ ಫೋನಿಗೆ ಕರೆಯೂ ಬರುತ್ತದೆ, ಟವರಿನ ಗೊಡವೆಯೂ ಇಲ್ಲ. ಕರೆಂಟ್ ಹೋದರೆ ರೂಟರ್ ಆರುತ್ತದೆ ಎನ್ನುವಿರಾದರೆ ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ.

ಇದೇ ಲೆಕ್ಕ ರೈಲಿಗೂ ಅನ್ವಯಿಸುತ್ತದೆ. ಕಬಕ ಪುತ್ತೂರಿನಲ್ಲಿ ಹತ್ತಿ ಬೆಂಗಳೂರಿಗೆ ಹೊರಟವರು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿದ ಮೇಲೆ ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ ಹೊಗುತ್ತಾರೆ. ಪ್ರತಿ ಸುರಂಗದಲ್ಲೂ ಫೋನ್ ಟವರಿಗಾಗಿ ತಡಕಾಡುತ್ತದೆ. ಬೇಕಾದ್ದನ್ನು ಮೊದಲೇ ಇಳಿಸಿಕೊಂಡು ನೆಟ್ಟಣದಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಕೂತೂ ಘಟ್ಟ ಬಿಟ್ಟು ಮೊಬೈಲ್ ನೋಡುವವರಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಬಿಸಿಯ ವಿಷಯ ಒಂದು ಹೇಳಬೇಕು. ರೇಡಿಯೋ ಸೆಲ್ ಸೋತಾಗ ಅಂಗಳದ ಬಿಸಿಲಿಗೆ ಇಟ್ಟು ಇನ್ನೆರಡು ವಾರ್ತೆ ಕೇಳಿದ ತಲೆಮಾರು ನಮ್ಮದು. ಆ ಸೆಲ್ಲಿಗೆ ಬಿಸಿಲು ಒಂದಿಷ್ಟು ಜೀವ ಕೊಡುತ್ತಿತ್ತು. ಲಿಥಿಯಂ ಬ್ಯಾಟರಿಯ ಜಾತಿ ತದ್ವಿರುದ್ಧ, ಬಿಸಿಯೇ ಅದರ ಆಯುಸ್ಸು ಕಳೆಯುವುದು. ಸುತ್ತಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಂದಬಹುದು ಎಂದು ಆ್ಯಪಲ್ ಎಚ್ಚರಿಸುತ್ತದೆ. ಮಳೆಗೆ ನೆನೆದ ಮೊಬೈಲನ್ನು ಒಲೆಯ ಬದಿಗೆ ಇಡುವುದು, ಚಾರ್ಜಿಗೆ ಹಾಕಿಕೊಂಡೇ ತಲೆದಿಂಬಿನ ಮೇಲೆ ಆಟ ನೋಡುವುದು, ಎರಡೂ ಬೇಡ. ಕರೆಂಟ್ ಬಂದಾಗ ಚಾರ್ಜ್ ಮಾಡಿ, ಆಮೇಲೆ ನೋಡಿ.

ಅಂಗಡಿಯ ಹುಡುಗ ಭಾವನ ಬ್ಯಾಟರಿ ಬದಲಿಸಲಿಲ್ಲ. ಒಂದು ಸಿಮ್ ಬಂದ್ ಮಾಡಿದ, ಮೆಮೊರಿ ಕಾರ್ಡಿಗೆ ನಾಲ್ಕೈದು ಪ್ರಸಂಗಗಳ ಎಂಪಿ3 ತುಂಬಿಸಿದ, ದುಡ್ಡು ಬೇಡ ಎಂದ. ಭಾವ ಮುಂದಿನ ವಾರ ಪುತ್ತೂರಿಗೆ ಬಂದಾಗ ಅಂಗಡಿಗೆ ಒಂದು ಕದಳಿ ಗೊನೆ ಕೊಟ್ಟು ಹೋದರು. ಆ ವಾರ ಅವರ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲವಂತೆ.