ನಿವೃತ್ತಿಯ ಮೊದಲ ದೂರಯಾತ್ರೆ: ಇಟಲಿಯ ಹಳ್ಳಿಗಾಡಿಗೆ ಮೂರೇ ತಂಗುದಾಣ

ಮೂವತ್ತು ಮೂವತ್ತೈದು ವರ್ಷ ಸಿಮೆಂಟ್ ಕಾರ್ಖಾನೆಯ ಸೈರನ್ನಿಗೆ ಎದ್ದವರು, ರೈಲ್ವೆಯ ಪಾಳಿಗೆ ಓಡಿದವರು, ಶಾಲೆಯ ಗಂಟೆಗೆ ಕಿವಿಗೊಟ್ಟು ಬಾಳಿದವರು ನಮ್ಮ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ಬಹಳ ಮಂದಿ ಇದ್ದಾರೆ. ನಿವೃತ್ತಿಯ ಹಾರ, ಶಾಲು, ಹಣ್ಣಿನ ತಟ್ಟೆಗಳ ಸಂಭ್ರಮ ಒಂದು ಸಂಜೆಗೆ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಕೈಯಲ್ಲಿ ಉಳಿಯುವುದು ಒಂದಿಷ್ಟು ಹಣ, ಒಂದಿಷ್ಟು ಆರೋಗ್ಯ, ಮತ್ತು ಮೊದಲ ಬಾರಿಗೆ ಸಂಪೂರ್ಣವಾಗಿ ತಮ್ಮದೇ ಆದ ಕಾಲ. ರೋಮ್ ನೋಡಬೇಕು, ಅಸಿಸಿ ನೋಡಬೇಕು, ಚಿತ್ರಪಟಗಳಲ್ಲಿ ಕಂಡ ಆ ಹಸಿರು ಗುಡ್ಡಗಳ ನಡುವೆ ನಾಲ್ಕು ಹೆಜ್ಜೆ ನಡೆಯಬೇಕು ಎಂಬ ಹಳೆಯ ಆಸೆ ಆಗ ತಲೆಯೆತ್ತುತ್ತದೆ.

ಈ ಆಸೆ ಸಣ್ಣದಲ್ಲ, ಅದಕ್ಕಾಗುವ ಖರ್ಚೂ ಸಣ್ಣದಲ್ಲ. ಆದುದರಿಂದಲೇ ಇಂತಹ ಯಾತ್ರೆಯನ್ನು ಹೊರಡುವ ವಾರದಲ್ಲಿ ಯೋಜಿಸಲಾಗದು. ಒಂದು ವರ್ಷದ ಮೊದಲೇ ಊಟದ ಮೇಜಿನ ಮೇಲೆ ಕಾಗದ ಹರಡಿ ಕೂರಬೇಕು. ಹಾಗೆ ಕೂರುವವರಿಗೆ ನೆರವಾಗಲೆಂದು ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಎರಡು ಪಟ್ಟಿ

ನಿವೃತ್ತರಾದವರು ಸಾಮಾನ್ಯವಾಗಿ ಮನೆಯ ಯಜಮಾನರು. ಅವರ ಅಡುಗೆಮನೆಯ ಒಡತಿಗೆ ಮಾತ್ರ ನಿವೃತ್ತಿಯ ವಯಸ್ಸೆಂಬುದಿಲ್ಲ. ಯಾತ್ರೆಯ ಯೋಜನೆಯನ್ನು ಒಬ್ಬರು ಮಾಡಿ ಇನ್ನೊಬ್ಬರು ಚೀಲ ಹಿಡಿದು ಹಿಂಬಾಲಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಮೊತ್ತಮೊದಲ ಕೆಲಸವಾಗಿ ಪತಿ ಪತ್ನಿಯರಿಬ್ಬರೂ ಪ್ರತ್ಯೇಕವಾಗಿ ಕುಳಿತು, ತಾವು ನೋಡಲೇಬೇಕಾದ ಮೂರು ಸಂಗತಿಗಳನ್ನು ಬರೆಯಲಿ. ಕೆಳಗೆ ತಮ್ಮಿಂದಾಗದ ಒಂದು ಸಂಗತಿಯನ್ನೂ ಬರೆಯಲಿ: ಮೆಟ್ಟಿಲು ಹತ್ತಲಾಗದು, ಬೆಳಿಗ್ಗೆ ಬೇಗ ಹೊರಡಲಾಗದು, ದಿನವೂ ಹೊರಗಿನ ಊಟ ಒಗ್ಗದು. ಈ ಎರಡು ಪಟ್ಟಿಗಳನ್ನು ಒಟ್ಟಿಗೆ ಇಟ್ಟಾಗ ಅರ್ಧ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದವರಿಗೂ ಇನ್ನೊಬ್ಬರ ಪಟ್ಟಿ ಆಶ್ಚರ್ಯ ತರಬಹುದು.

ಎಷ್ಟು ಊರು?

ಮೊದಲ ಬಾರಿ ಹೊರಡುವವರ ಕಾಗದದ ಮೇಲೆ ಊರುಗಳ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ಇಷ್ಟು ದೂರ ಹೋದ ಮೇಲೆ ಅದನ್ನೂ ನೋಡಿಬಿಡೋಣ ಎಂಬ ಮಾತು ಸಹಜವೇ. ಆದರೆ ಲೆಕ್ಕ ಹಾಕಿ ನೋಡಿರಿ. ಹದಿನಾಲ್ಕು ರಾತ್ರಿಗಳಲ್ಲಿ ಹತ್ತು ಊರುಗಳಲ್ಲಿ ತಂಗಿದರೆ ಒಂಬತ್ತು ಸಲ ಗಂಟುಮೂಟೆ ಕಟ್ಟಬೇಕು. ಪ್ರತಿ ಸಲ ಅರ್ಧ ದಿನ ಹೋದರೂ ನಾಲ್ಕೂವರೆ ದಿನ ಬರಿಯ ಪೆಟ್ಟಿಗೆ ಎಳೆಯುವುದರಲ್ಲೇ ಕಳೆಯಿತು. ಅರವತ್ತರ ಮಂಡಿ, ಸುಣ್ಣದ ಧೂಳು ಕುಡಿದ ಶ್ವಾಸಕೋಶಗಳು ಇದನ್ನು ಒಪ್ಪುವುದಿಲ್ಲ.

ಇಟಲಿಗೂ ಕನ್ನಡ ನಾಡಿಗೂ ನಡುವಿನ ಹಳೆಯ ಯಾತ್ರಿಕನೊಬ್ಬನನ್ನು ಇಲ್ಲಿ ನೆನೆಯಬೇಕು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ರಾಯಭಾರ ತಂಡದೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಬಂದನು. ದಾರಿಯಲ್ಲಿ ಘಟ್ಟದ ಮೇಲಿನ ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು, ಅವರನ್ನು ಮಾತನಾಡಿಸಿದನು. ನಾಲ್ಕು ಶತಮಾನಗಳ ತರುವಾಯವೂ ಅವನ ಬರಹದಲ್ಲಿ ಓದುಗರು ನೆನೆಯುವ ಭಾಗಗಳಲ್ಲಿ ಅದೂ ಒಂದು. ನಿಂತವನಿಗೆ ಮಾತ್ರ ಅಂತಹ ದೃಶ್ಯ ಸಿಕ್ಕೀತು. ಆದುದರಿಂದ ನಮ್ಮ ಸಲಹೆ ಇಷ್ಟೇ: ಹಳ್ಳಿಗಾಡಿನಲ್ಲಿ ಮೂರು ತಂಗುದಾಣ, ಕೊನೆಗೆ ರೋಮ್.

ಒಂದು ಸರಳ ಮಾರ್ಗ

ವಾಡಿಯವರಿಗೆ ಜಂಕ್ಷನ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೊಲ್ಲಾಪುರದ ಬಂಡಿಯಿಂದ ಇಳಿದು ಹೈದರಾಬಾದಿನ ಬಂಡಿ ಹಿಡಿಯುವ ಅಭ್ಯಾಸವುಳ್ಳವರು ಇಟಲಿಯ ನಡುನಾಡನ್ನು ಸುಲಭವಾಗಿ ಸುತ್ತಬಲ್ಲರು. ಅಲ್ಲಿಯ ವಾಡಿಗಳೆಂದರೆ ಕಿಯೂಸಿ, ತೆರೊಂತೊಲಾ ಮತ್ತು ಫೊಲಿನ್ಯೊ.

ವಿಮಾನವಿಳಿದು ರೋಮಿನಲ್ಲಿ ಬಂಡಿ ಬದಲಿಸಿ ನೇರವಾಗಿ ಒರ್ವಿಯೇತೊಗೆ ಹೋಗಬಹುದು. ರೋಮಿನಿಂದ ಅದು ಸುಮಾರು ಒಂದೂಕಾಲು ತಾಸಿನ ಹಾದಿ. ಜ್ವಾಲಾಮುಖಿಯ ಬೂದಿಗಲ್ಲಿನ ಬಂಡೆಯ ನೆತ್ತಿಯ ಮೇಲೆ ಊರು, ಕೆಳಗೆ ನಿಲ್ದಾಣ. ನಡುವೆ ಹಗ್ಗದಿಂದ ಎಳೆಯುವ ಚಿಕ್ಕ ಬಂಡಿಯಿರುವುದರಿಂದ ಏರುವ ಕಷ್ಟವಿಲ್ಲ. 1290ರಲ್ಲಿ ಅಡಿಗಲ್ಲು ಹಾಕಿದ ಪ್ರಧಾನಾಲಯವನ್ನು ಸಾವಕಾಶವಾಗಿ ನೋಡಬಹುದು. ಹದಿನಾರನೆಯ ಶತಮಾನದಲ್ಲಿ ತೋಡಿದ ಸಂತ ಪ್ಯಾಟ್ರಿಕ್ ಬಾವಿಯೂ ಅಲ್ಲಿದೆ. ಇಳಿಯುವವರು ಏರುವವರಿಗೆ ಎದುರಾಗದಂತೆ ಎರಡು ಸುರುಳಿ ಮೆಟ್ಟಿಲುದಾರಿಗಳು, ಒಂದೊಂದರಲ್ಲಿ 248 ಮೆಟ್ಟಿಲು. ಮಂಡಿನೋವಿನವರು ಮೇಲಿನಿಂದಲೇ ಇಣುಕಿ ನೋಡಿದರೆ ಸಾಕು. ಇಲ್ಲಿ ಮೂರು ರಾತ್ರಿ.

ಎರಡನೆಯದು ಸಿಯೆನಾ, ಕಿಯೂಸಿಯಲ್ಲಿ ಬಂಡಿ ಬದಲಿಸಬೇಕು. ಸಂತ ಕ್ಯಾತರೀನಳ ಊರು. ಇಲ್ಲಿಯ ಪುರಭವನದ ಗೋಡೆಯ ಮೇಲೆ ಅಂಬ್ರೋಜೊ ಲೊರೆಂಜೆತ್ತಿ 1338-39ರಲ್ಲಿ ಸುರಾಜ್ಯ ಮತ್ತು ದುರಾಜ್ಯಗಳ ಫಲವನ್ನು ಚಿತ್ರಿಸಿದ್ದಾನೆ. ಸುರಾಜ್ಯವಿರುವಲ್ಲಿ ರೈತ ಉಳುತ್ತಾನೆ, ಕೊಯ್ಯುತ್ತಾನೆ, ಸರಕು ಹೊತ್ತ ಪ್ರಾಣಿಗಳು ನಿರ್ಭಯವಾಗಿ ಪಟ್ಟಣಕ್ಕೆ ಬರುತ್ತವೆ. ಚಿತ್ರ ನೋಡಿ ಹೊರಗೆ ಬಂದರೆ ಅದೇ ಗುಡ್ಡಗಳು ಕಣ್ಣೆದುರು ನಿಲ್ಲುತ್ತವೆ. ಸುತ್ತಣ ವಾಲ್ ದೋರ್ಚಾ ಕಣಿವೆಯನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ನಾಲ್ಕು ರಾತ್ರಿ ಬೇಕು. ಜುಲೈ 2 ಮತ್ತು ಆಗಸ್ಟ್ 16ರಂದು ಊರ ಚೌಕದಲ್ಲಿ ಕುದುರೆ ಪಂದ್ಯವಿರುತ್ತದೆ. ನೆಮ್ಮದಿ ಬಯಸುವವರು ಆ ದಿನಗಳನ್ನು ತಪ್ಪಿಸಲಿ.

ಮೂರನೆಯದು ಅಸಿಸಿ, ಕಿಯೂಸಿ, ತೆರೊಂತೊಲಾಗಳಲ್ಲಿ ಬದಲಿಸಿ ತಲುಪಬಹುದು. ನಿಲ್ದಾಣವು ಬಯಲಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿಯಲ್ಲಿದೆ, ಊರಿಗೆ ಬಸ್ಸಿದೆ. ಸುಬಾಸಿಯೊ ಬೆಟ್ಟದ ನಸುಗೆಂಪು ಸುಣ್ಣಕಲ್ಲಿನಿಂದ ಕಟ್ಟಿದ ಮನೆಗಳನ್ನು ಕಂಡಾಗ ಶಹಾಬಾದಿ ಫರಸಿಯ ಮೇಲೆ ನಡೆದು ಬೆಳೆದವರಿಗೆ ತಮ್ಮ ಊರೇ ನೆನಪಾದೀತು. ಸಂತ ಫ್ರಾನ್ಸಿಸ್ ತೀರಿಕೊಂಡದ್ದು 1226ರ ಅಕ್ಟೋಬರಿನಲ್ಲಿ. 2026ಕ್ಕೆ ಎಂಟು ನೂರು ವರ್ಷ. ಅಕ್ಟೋಬರ್ 4ರ ಅವರ ಹಬ್ಬದ ಆಸುಪಾಸಿನಲ್ಲಿ ಜನಜಂಗುಳಿ ಬಹಳವಾದುದರಿಂದ ಕೊಠಡಿಯನ್ನು ಬಹು ಮುಂಚಿತವಾಗಿ ಕಾದಿರಿಸಬೇಕು. ಇಲ್ಲಿಯೂ ನಾಲ್ಕು ರಾತ್ರಿ ತಂಗಿ, ಉಳಿದ ಮೂರನ್ನು ರೋಮಿಗೆ ಇಟ್ಟುಕೊಂಡರೆ ಮರಳುವ ವಿಮಾನವೂ ಹತ್ತಿರವಾಗುತ್ತದೆ.

ಬಂಡಿ, ಬಸ್ಸು, ಭಾನುವಾರ

ಅಲ್ಲಿಯ ಪ್ರಾದೇಶಿಕ ರೈಲುಗಳಿಗೆ ಆಸನ ಕಾದಿರಿಸುವ ಅಗತ್ಯವಿಲ್ಲ, ದರವೂ ನಿಗದಿಯಾಗಿರುತ್ತದೆ. ಆದರೆ ಕಾಗದದ ಟಿಕೆಟನ್ನು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಮೊಬೈಲಿನ ಟಿಕೆಟ್ಟಿಗೆ ಚೆಕ್-ಇನ್ ಮಾಡಬೇಕು. ಮರೆತರೆ ದಂಡ. ಬಿನಾರಿಯೊ ಎಂದರೆ ಪ್ಲಾಟ್‌ಫಾರ್ಮ್, ರಿತಾರ್ದೊ ಎಂದರೆ ತಡ, ಸೊಪ್ರೆಸ್ಸೊ ಎಂದರೆ ರದ್ದು, ಷೋಪೆರೊ ಎಂದರೆ ಮುಷ್ಕರ. ಈ ನಾಲ್ಕು ಮಾತುಗಳನ್ನು ಕಲಿತವರು ನಿಲ್ದಾಣದಲ್ಲಿ ಕಂಗೆಡುವುದಿಲ್ಲ. ಮುಷ್ಕರಗಳನ್ನು ಮೊದಲೇ ಸಾರುತ್ತಾರೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಆಯ್ದ ಪ್ರಾದೇಶಿಕ ಬಂಡಿಗಳು ಓಡುತ್ತವೆ.

ಹಳ್ಳಿಯ ಬಸ್ಸುಗಳು ಭಾನುವಾರ ಬಹಳ ಕಡಿಮೆ. ಭಾನುವಾರವನ್ನು ಪೂಜೆಗೆ, ಊರೊಳಗಿನ ನಡಿಗೆಗೆ ಮೀಸಲಿಟ್ಟು, ಊರಿಂದೂರಿನ ಪಯಣವನ್ನು ವಾರದ ನಡುವೆ ಇಟ್ಟುಕೊಳ್ಳುವುದು ಲೇಸು. ಹೊಲದ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಆಗ್ರಿತುರಿಸ್ಮೊ ಎಂಬ ಪದ್ಧತಿಗೆ ಅಲ್ಲಿ 1985ರಲ್ಲೇ ರಾಷ್ಟ್ರೀಯ ಕಾನೂನು ಬಂತು. ಬಹು ಸೊಗಸಾದ ವಾಸ. ಆದರೆ ಇಂತಹ ಬಹುಪಾಲು ಮನೆಗಳಿಗೆ ಸ್ವಂತ ವಾಹನ ಬೇಕು. ಕಾರು ಬಾಡಿಗೆಗೆ ಹಿಡಿಯಲು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅವಶ್ಯ. ಹಳೆಯ ಊರುಗಳೊಳಗೆ ಹೊರಗಿನವರ ವಾಹನಕ್ಕೆ ನಿಷೇಧವಿದ್ದು, ಕ್ಯಾಮೆರಾದ ಕಣ್ಣಿಗೆ ಬಿದ್ದರೆ ದಂಡದ ಚೀಟಿ ತಿಂಗಳುಗಳ ನಂತರ ಬರಬಹುದು. ಮೊದಲ ಯಾತ್ರೆಗೆ ರೈಲೇ ಸಾಕು.

ಕಾಗದಪತ್ರ, ಹಣ, ಬೆರಳಚ್ಚು

ಷೆಂಗನ್ ವೀಸಾಕ್ಕೆ ಹೊರಡುವ ದಿನಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಹದಿನೈದು ದಿನ. ಪಾಸ್‌ಪೋರ್ಟು ಹತ್ತು ವರ್ಷಗಳೊಳಗೆ ಪಡೆದದ್ದಾಗಿದ್ದು, ಷೆಂಗನ್ ದೇಶಗಳಿಂದ ಹೊರಬೀಳುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟಗಳಿರಬೇಕು. 2024ರ ಜೂನ್‌ನಲ್ಲಿ ವಯಸ್ಕರ ಶುಲ್ಕವನ್ನು 90 ಯೂರೊಗೆ ಏರಿಸಲಾಯಿತು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಸಕ್ಕರೆ ರೋಗ, ರಕ್ತದೊತ್ತಡ, ಹೃದಯದ ತೊಂದರೆಗಳು ಈಗಾಗಲೇ ಇದ್ದಲ್ಲಿ ವಿಮೆಯವರು ಅವುಗಳ ಖರ್ಚು ಕೊಡುವರೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿಯೇ ಸಹಿ ಹಾಕಿರಿ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ವೀಸಾಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲೂ ಪ್ರಯಾಣಿಕರ ಮುಖಚಿತ್ರ, ಬೆರಳಚ್ಚುಗಳನ್ನು ದಾಖಲಿಸುವ ವ್ಯವಸ್ಥೆ ಆರಂಭವಾಯಿತು. ಕಲ್ಲು, ಸುಣ್ಣ, ಸಿಮೆಂಟುಗಳಲ್ಲಿ ದುಡಿದ ಕೈಗಳ ಬೆರಳಗೆರೆಗಳು ಸವೆದಿರುವುದುಂಟು. ಆಧಾರ್ ಯಂತ್ರದ ಮುಂದೆ ಪರದಾಡಿದವರಿಗೆ ಇದು ಗೊತ್ತು. ಕೊನೆಯ ವಾರದವರೆಗೆ ಕಾಯದೆ, ಎರಡನೆಯ ಪ್ರಯತ್ನಕ್ಕೆ ಸಮಯ ಉಳಿಸಿಕೊಂಡು ಹೋಗುವುದು ವಿವೇಕ.

ಹಣದ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ಗ್ರಾಚ್ಯುಯಿಟಿ, ಭವಿಷ್ಯನಿಧಿಗಳ ಗಂಟನ್ನು ಮುಟ್ಟಬಾರದು. ಅದು ಮುಂದಿನ ಇಪ್ಪತ್ತು ವರ್ಷಗಳ ಅಕ್ಕಿ, ಜೋಳ, ಔಷಧಿ. ಯಾತ್ರೆಗೆಂದು ಬೇರೆಯೇ ಖಾತೆ ತೆರೆದು, ಅದು ತುಂಬಿದ ದಿನ ಹೊರಡಬೇಕು. ಒಂದು ವರ್ಷ ತಡವಾದರೆ ಆ ಗುಡ್ಡಗಳು ಎಲ್ಲಿಗೂ ಹೋಗುವುದಿಲ್ಲ. ವಸತಿಯ ಬಾಡಿಗೆಯ ಜೊತೆಗೆ ಅನೇಕ ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆಯಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹವೆ ಮತ್ತು ಊಟ

ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಹೋಗುವುದು ಉತ್ತಮ. ಸೇಡಮ್ಮಿನ ಮೇ ತಿಂಗಳನ್ನು ಕಂಡವರಿಗೆ ಅಲ್ಲಿಯ ಜುಲೈ ಹೆದರಿಕೆ ಹುಟ್ಟಿಸಲಾರದು; ಆದರೆ ಹಳೆಯ ಮನೆಗಳಲ್ಲಿ ಫ್ಯಾನೂ ಇಲ್ಲದಿರಬಹುದು. ಆಗಸ್ಟ್ 15ರ ಸುಮಾರಿಗೆ ಊರೂರೇ ರಜೆಯಲ್ಲಿರುತ್ತದೆ. ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ತುರ್ತು ಕರೆಗೆ 112.

ತೊಸ್ಕಾನಾ, ಉಂಬ್ರಿಯಾಗಳ ರೊಟ್ಟಿಗೆ ವಾಡಿಕೆಯಂತೆ ಉಪ್ಪು ಹಾಕುವುದಿಲ್ಲ. ನಮ್ಮ ಶೇಂಗಾ ಚಟ್ನಿಪುಡಿ ಅದಕ್ಕೆ ಒಳ್ಳೆಯ ಜೊತೆ. ಆದರೆ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಒಯ್ಯುವಂತಿಲ್ಲವಾದುದರಿಂದ ತುಪ್ಪ, ಪೇಡೆಗಳನ್ನು ಮನೆಯಲ್ಲೇ ಬಿಡಬೇಕು. ತೊಗರಿಯ ನಾಡಿನವರಿಗೆ ಬೇಳೆಯಿಲ್ಲದೆ ಸೇರದು. ಉಂಬ್ರಿಯಾದ ಕಸ್ತೆಲ್ಲುಚ್ಚೊ ಬಯಲಿನ ಸಣ್ಣ ಮಸೂರಕ್ಕೆ ಯುರೋಪಿನ ಭೌಗೋಳಿಕ ಮಾನ್ಯತೆಯಿದೆ, ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ದೊರೆತಂತೆ. 2016ರ ಭೂಕಂಪ ಆ ಊರನ್ನು ಕೆಡವಿದರೂ ಮರುವರ್ಷವೇ ರೈತರು ಬಿತ್ತನೆಗೆ ಮರಳಿದರು. ಒಂದು ಬಟ್ಟಲು ಮಸೂರದ ಸಾರು ಕೇಳಿ ಪಡೆಯಿರಿ.

ಮೊದಲು ನಮ್ಮ ನೆಲದಲ್ಲೊಂದು ತಾಲೀಮು

ಇಷ್ಟನ್ನೂ ಕಾಗದದ ಮೇಲೆ ಬರೆದಾದ ಬಳಿಕ, ದೂರದೇಶಕ್ಕೆ ಮುಂಗಡ ಕಟ್ಟುವ ಮುನ್ನ, ಐದು ದಿನ ನಮ್ಮ ಸುತ್ತಲೇ ಅದೇ ಚೀಲ ಹೊತ್ತು ತಿರುಗಿ ನೋಡಿರಿ. ಶಹಾಬಾದಿನಿಂದ ವಾಡಿಗೆ ಬಂದು ಬಂಡಿ ಬದಲಿಸಿ ಚಿತ್ತಾಪುರದಲ್ಲಿ ಇಳಿಯಿರಿ. ಅಲ್ಲಿಂದ ಭೀಮಾ ತೀರದ ಸನ್ನತಿಗೆ ಹೋದರೆ, 1986ರಲ್ಲಿ ಗುಡಿಯೊಂದರ ಚಾವಣಿ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂದ ಸ್ಥಳವನ್ನೂ, ನೆರೆಯ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನೂ ಕಾಣಬಹುದು. ಮತ್ತೆ ರೈಲು ಹಿಡಿದು ಮಳಖೇಡ; ಕಾಗಿಣಾ ದಂಡೆಯ ಈ ಊರೇ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟ. ಮುಂದೆ ಸೇಡಂ. ಚಿಂಚೋಳಿಗೆ ರೈಲಿಲ್ಲ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿ, ಅದಕ್ಕೆ ಮೊದಲೇ ನಿಲ್ದಾಣ ಸೇರಬೇಕು. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಅಲ್ಲಿಯ ಕಾಡಿನ ಅಂಚಿನಲ್ಲಿ ಒಂದು ಸಂಜೆ ಸುಮ್ಮನೆ ಕೂರಿರಿ.

ಎಷ್ಟು ಬಟ್ಟೆ ಹೆಚ್ಚಾಯಿತು, ಎಷ್ಟು ದೂರ ನಡೆದಾಗ ಕಾಲು ಸೋತಿತು, ಯಾವ ಹೊತ್ತಿಗೆ ಹಸಿವು ಸಿಡುಕಾಗಿ ಮಾರ್ಪಟ್ಟಿತು, ಇಬ್ಬರಲ್ಲಿ ಯಾರಿಗೆ ಬೇಗ ಹೊರಡುವ ಆತುರ, ಯಾರಿಗೆ ಇನ್ನಷ್ಟು ಕೂರುವ ಮನಸ್ಸು, ಇವೆಲ್ಲ ಆ ಐದು ದಿನಗಳಲ್ಲಿ ತಿಳಿದುಹೋಗುತ್ತವೆ. ತಾಲೀಮು ಮುಗಿಸಿ ಬಂದವರು ಆ ಎರಡು ಪಟ್ಟಿಗಳನ್ನು ಮತ್ತೆ ತೆರೆದು, ಬೇಕಾದುದನ್ನು ತಿದ್ದಲಿ. ಬಹಳ ವರ್ಷ ಇತರರ ಗಡಿಯಾರಕ್ಕೆ ದುಡಿದ ಹಿರಿಯರಿಗೆ, ತಮ್ಮದೇ ಗಡಿಯಾರದಲ್ಲಿ ನಡೆಯುವ ಈ ಯಾತ್ರೆ ಸುಖಕರವಾಗಲಿ, ಹೋದ ದಾರಿ ಕ್ಷೇಮವಾಗಿ ಮನೆಗೆ ಮರಳಿಸಲಿ ಎಂದು ಹಾರೈಸುತ್ತೇವೆ.